ಎಣ್ಣೆ ಕುಡಿದ ಕಲ್ಲು

ಗಂಡನ ಹಾಯಿದೋಣಿಗೆ ಸತ್ಯಭಾಮಾ ಇಟ್ಟ ಹೆಸರು ಸವತಿ. ವಿಠಲ ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರಿಂದ ನಿವೃತ್ತನಾದ ವರ್ಷವೇ ಹಳೆಯ ದೋಣಿಯೊಂದನ್ನು ಕೊಂಡು, ಸೋಮಶಿಲೆಯಲ್ಲಿ ಕೃಷ್ಣೆಯ ಹಿನ್ನೀರಿಗೆ ಇಳಿಸಿದ್ದ. ಅಂದಿನಿಂದ ಪ್ರತಿ ಚಳಿಗಾಲ ನಗರದ ಉಪ್ಪಲ್ ಬಡಾವಣೆಯ ಮನೆಗೆ ಬೀಗ ಜಡಿದು ಗಂಡ-ಹೆಂಡತಿ ನೀರಿನ ಮೇಲೆ ಸಂಸಾರ ಹೂಡುತ್ತಿದ್ದರು. ಅವನು ಹಾಯಿ ಹಿಡಿಯುತ್ತಿದ್ದ, ಇವಳು ಒಲೆ ಹಿಡಿಯುತ್ತಿದ್ದಳು. ಎಲ್ಲವನ್ನೂ ವಿಡಿಯೋ ಮಾಡಿ ಊರಿಗೆಲ್ಲ ತೋರಿಸುವುದು ಅವನ ಚಟ. ಆ ವಿಡಿಯೋಗಳಲ್ಲಿ ಇವಳದು ಕಾಣುವುದು ಎರಡು ಕೈ ಮಾತ್ರ, ಅದೂ ರೊಟ್ಟಿ ಬಡಿಯುವಾಗ.

ಈ ಸಲದ ಪಯಣ ಮಾತ್ರ ಇವಳದು. ಮದುವೆಗೆ ಮುಂಚೆ ಧಾರವಾಡದಲ್ಲಿ ಶಾಸನ ಓದುವುದನ್ನು ಕಲಿಯುತ್ತಿದ್ದವಳು ಅವಳು. ಹೈದರಾಬಾದಿನಲ್ಲಿ ನೌಕರಿ ಸಿಕ್ಕಿತೆಂದು ವಿಠಲ ಮದುವೆಗೆ ಅವಸರ ಮಾಡಿ, "ಕಲ್ಲು ಎಲ್ಲಿ ಓಡಿ ಹೋಗ್ತಾವ, ಆಮ್ಯಾಲೆ ಓದೀಯಂತ" ಎಂದಿದ್ದ. ಆಮೇಲೆ ಎಂಬುದು ತಲೆ ನರೆತ ಮೇಲೆ ಬಂತು. ಪರಿಚಯದ ಪ್ರಾಧ್ಯಾಪಕರೊಬ್ಬರು ಹಳೆಯ ಫೋಟೋ ಒಂದನ್ನು ಕಳಿಸಿದ್ದರು. ನಲ್ಲಮಲ ಕಾಡಿನೊಳಗೆ ಬಿದ್ದುಹೋದ ಗುಡಿ, ಅದರ ಮುಂದೆ ಯಾರೂ ಓದದ ಕನ್ನಡ ದಾನಶಾಸನ. ಫೋಟೋದಲ್ಲಿ ಒಂದು ಹೆಸರಿನ ಬಾಲವಷ್ಟೇ ಕಾಣುತ್ತಿತ್ತು: ಅಬ್ಬೆ. ಎಂದರೆ ದಾನ ಕೊಟ್ಟವಳು ಹೆಂಗಸು. ಯಾರವಳು? ಆ ಪೂರ್ತಿ ಹೆಸರನ್ನು ತಾನೇ ಓದಬೇಕು, ತನ್ನ ಹೆಸರಿನಲ್ಲೇ ಅಚ್ಚು ಹಾಕಿಸಬೇಕು ಎಂದು ಸತ್ಯಭಾಮಾ ಹಟ ಹಿಡಿದಳು. ಹುಲಿ ಕಾಡು ಬೇರೆ. ಎರಡು ವರ್ಷ ಕಚೇರಿ ಕಚೇರಿ ಅಲೆದು, ಒಂದೇ ಸಲಕ್ಕೆಂದು ಅನುಮತಿ ತಂದಿದ್ದಳು.

ಕಾಡಿನ ಕಡೆಯ ದಡದಲ್ಲಿ ದೋಣಿ ಕಟ್ಟಿ, ಅರಣ್ಯ ಇಲಾಖೆಯ ವಾಚರನ ಹಿಂದೆ ಮೂರು ದಿನ ನಡೆದರು. ಬಿದಿರ ಮೆಳೆ, ಮುಳ್ಳು, ಉರುಳುವ ಕಲ್ಲು. ಸತ್ಯಭಾಮಾಳ ಮೊಣಕಾಲು ಊದಿಕೊಂಡಿತು, ಆದರೂ ಅವಳ ಬಾಯಿಂದ ಒಂದು ಅಯ್ಯೋ ಬರಲಿಲ್ಲ. ಗುಡಿ ಸಿಕ್ಕಾಗ ಅವಳು ಅತ್ತೇಬಿಟ್ಟಳು. ಆಳೆತ್ತರದ ಕಲ್ಲು; ತಲೆಯಲ್ಲಿ ಲಿಂಗ, ಸೂರ್ಯ, ಚಂದ್ರ, ಕೆಳಗೆ ಸವೆದ ಸಾಲುಗಳು. ಕಣ್ಣಿಗೆ ನಿಲುಕದ ಇಂಥ ಅಕ್ಷರಕ್ಕೆ ಒಂದೇ ದಾರಿ. ಹಸಿ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಅಕ್ಷರವನ್ನು ಕಾಗದಕ್ಕೆ ಇಳಿಸಿಕೊಳ್ಳಬೇಕು. ಅವಳು ಕಾಗದ ನೆನೆಸುವ ನೀರಿಗೆಂದು ವಾಚರನ ಜೊತೆ ಹಳ್ಳಕ್ಕೆ ಇಳಿದಳು.

ತಿರುಗಿ ಬಂದು ನೋಡಿದರೆ ಕಲ್ಲು ಮಿರಮಿರ ಮಿಂಚುತ್ತಿದೆ. ವಿಠಲ ಎಳ್ಳೆಣ್ಣೆಯ ಬಾಟಲಿಯನ್ನು ಲಿಂಗದ ಮೇಲೆ ಪೂರ್ತಿ ಬೋರಲು ಹಾಕಿದ್ದ. ಎಣ್ಣೆ ಸಾಲುಸಾಲಾಗಿ ಕೆಳಗಿಳಿಯುತ್ತಿತ್ತು. ಮೇಲೆ ಕುಂಕುಮ, ಎದುರಿಗೆ ಊದುಬತ್ತಿ, ಆಚೆ ಇನ್ನೊಂದು ಕಲ್ಲಿಗೆ ಒರಗಿಸಿಟ್ಟು ವಿಡಿಯೋಗೆ ಹಚ್ಚಿದ ಮೊಬೈಲು.

"ನೋಡ ಸತ್ಯಾ, ಸಾವಿರ ವರ್ಷದ ಮ್ಯಾಲೆ ಈ ಶಿವಗ ಮೊದಲನೇ ಪೂಜಾ ನಮ್ಮ ಕೈಲೆ ಆತು!"

ಅವಳು ಕೊಡವನ್ನು ನೆಲಕ್ಕೆ ಕುಕ್ಕಿದಳು.

"ಏನ್ ಮಾಡಿದ್ರಿ ಇದು? ಯಾರು ಹೇಳಿದ್ರು ನಿಮಗ ಎಣ್ಣಿ ಹಾಕಂತ?"

"ಯಾಕ ಹಿಂಗ ಒದರಾಕತ್ತಿ? ದೇವರಿಗೆ ಎಣ್ಣಿ ಹಾಕಿದ್ರ ತಪ್ಪೇನು? ಮ್ಯಾಲೆ ಲಿಂಗ ಐತಿ, ಕಾಣಂಗಿಲ್ಲೇನು?"

"ದಾನದ ಕಲ್ಲಿನ ಮ್ಯಾಲೆ ಲಿಂಗ ಇರ್ತೈತಿರಿ! ಅದು ದೇವರಲ್ಲ, ಶಾಸನ. ಎಣ್ಣಿ ಹತ್ತಿದ ಕಲ್ಲಿಗೆ ಹಸಿ ಕಾಗದ ಹಿಡಿತೈತೇನು? ಹಾದಿ ತುಂಬಾ ಅದನ್ನ ಹೇಳಕೋತ ಬಂದೀನಿ. ಒಂದ ಮಾತರ ಕಿವಿಗೆ ಬಿತ್ತೇನು ನಿಮಗ?"

"ಏಮೈಂದಮ್ಮಾ?" ಏನಾಯಿತೆಂದು ವಾಚರ್ ತೆಲುಗಿನಲ್ಲಿ ಕೇಳಿದ. ಭಕ್ತಿಯಂತೆ ಭಕ್ತಿ! ಮನೆಯಲ್ಲಿ ದೇವರ ದೀಪಕ್ಕೆ ಒಂದು ದಿನವೂ ಬತ್ತಿ ಹೊಸೆಯದ ಗಂಡಸಿಗೆ ಕ್ಯಾಮೆರಾ ಮುಂದೆ ಭಕ್ತಿ ಉಕ್ಕಿ ಹರಿದಿತ್ತು. ಬೆವರಿಗೋ ಸಿಟ್ಟಿಗೋ ಅವಳ ಕಣ್ಣು ಉರಿಯುತ್ತಿತ್ತು.

"ಹಿಟ್ಟಿನ ಚೀಲ ತರ್ರಿ ಇಲ್ಲೆ."

"ಈಗ ರೊಟ್ಟಿ ಮಾಡ್ತಿಯೇನು?" ಎಂದು ಆ ಮಹಾರಾಯ ಆಸೆಯಿಂದ ಕೇಳಿದ.

ಅವಳು ಚೀಲ ಕಸಿದುಕೊಂಡು, ಜೋಳದ ಹಿಟ್ಟನ್ನು ಮುಷ್ಟಿಗಟ್ಟಲೆ ಕಲ್ಲಿಗೆ ಬಳಿದಳು. ಎಣ್ಣೆ ಕುಡಿದ ಹಿಟ್ಟು ಮುದ್ದೆಯಾಗಿ ಉದುರಿತು, ಮತ್ತೆ ಬಳಿದಳು. ದೀಪದ ಕಂಬದ ಜಿಡ್ಡು ತೆಗೆಯುವಾಗಲೂ ಹೀಗೆ ತಿಕ್ಕಿರಲಿಲ್ಲ.

"ಹೊಳ್ಳಿ ಹೋಗಾಗ ಏನ್ ತಿನ್ನೂದು?" ಎಂದ ವಿಠಲ.

"ನಿಮ್ಮ ವಿಡಿಯೋ ತಿನ್ರಿ."

ಹಿಟ್ಟು ಮುಗಿದ ಮೇಲೆ ಅವನ ಕೈಗೆ ಕೊಡ ಕೊಟ್ಟು ಹಳ್ಳಕ್ಕೆ ಅಟ್ಟಿದಳು. ಅವನು ತಲೆ ತಗ್ಗಿಸಿ ನೀರು ಹೊತ್ತ. ಇವಳು ತೊಳೆದಳು, ಬಿಸಿಲಿಗೆ ಒಣಗಲು ಬಿಟ್ಟಳು. ಮರುದಿನ ಬೆಳಿಗ್ಗೆ ಕಾಗದ ಹಾಕಿದಳು. ತಳದಲ್ಲಿ ಹಿಡಿಯಿತು. ಮೇಲೆ, ಹೆಸರಿದ್ದ ಸಾಲುಗಳ ಹತ್ತಿರ, ಜಾರಿ ಜಾರಿ ಬಿತ್ತು. ಸವೆದ ಕಲ್ಲಿನ ಹೊಟ್ಟೆಗೆ ಇಳಿದ ಎಣ್ಣೆಯನ್ನು ಯಾವ ಹಿಟ್ಟೂ ಹೀರಲಾರದು. ಇದ್ದ ಕಾಗದವೆಲ್ಲ ಮುಗಿಯಿತು, ಅನುಮತಿಯ ದಿನವೂ ಮುಗಿಯಿತು.

ಅರೆಹೊಟ್ಟೆಯಲ್ಲಿ, ವಾಚರ್ ಕೊಟ್ಟ ಗಂಜಿ ಕುಡಿದು, ದೋಣಿಗೆ ಮರಳಿದರು. ನೀರಿನ ನಡುವೆ ಬಂದ ಮೇಲೆ, ಹೆಂಡತಿ ತೊಡೆಯ ಮೇಲೆ ಕಾಗದ ಹರವಿಕೊಂಡು ತುಟಿ ಅಲುಗಿಸುವುದನ್ನು ಕಂಡು ವಿಠಲ ಮೆಲ್ಲಗೆ ಕೇಳಿದ:

"ಏನಾರ ಓದಾಕ ಬಂತೇನು?"

"ಬಂತು. ಕಡೀಕಿನ ಸಾಲು." ಅವಳು ತಲೆ ಎತ್ತದೆ ಅರ್ಥ ಹೇಳಿದಳು. "ನಾ ಕೊಟ್ಟಿದ್ದನ್ನ ಕೆಡಿಸಿದವನಿಗೆ ಕಾಶಿಯೊಳಗ ಸಾವಿರ ಆಕಳ ಕೊಂದ ಪಾಪ ಹತ್ತಲಿ ಅಂತ."

ವಿಠಲ ನಗಲು ನೋಡಿದ. "ನನಗ ಬೈದಂಗ ಐತಲ್ಲ ಇದು."

"ಹೌದು. ಹಿಂಗ ಬೈದಾಕಿ ಯಾರಂತ ತಿಳೀಬೇಕಾಗಿತ್ತು ನನಗ. ಆಕಿ ಹೆಸರನ್ನ ನೀವು ಎಣ್ಣಿ ಹಾಕಿ ಮುಚ್ಚಿದ್ರಿ."

ಅವನು ಹಾಯಿಯ ಹಗ್ಗ ಹಿಡಿದು ಆ ಕಡೆ ಮುಖ ತಿರುಗಿಸಿದ. ಸೋಮಶಿಲೆಯ ದಡ ಬಂದರೂ ಅವಳ ಸಿಟ್ಟು ಇಳಿಯಲಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಅವಳಿಗಿರಲಿಲ್ಲ.