ಪಾಸ್‌ಪೋರ್ಟಿಗೆ ಇಟ್ಟ ಕುಂಕುಮ

ಸಾದಲಿಯಲ್ಲಿ ಯಾರಾದರೂ ಪರದೇಶಕ್ಕೆ ಹೊರಟರೆ ಬೀದಿಗೆ ಬೀದಿಯೇ ಬುದ್ಧಿ ಹೇಳಲು ಬರುತ್ತದೆ. ಶ್ಯಾಮಲಮ್ಮನವರ ಮಗ ಮುರಳಿಮೋಹನ್ ಕೆಲಸಕ್ಕೆಂದು ಮಲೇಷ್ಯಾಕ್ಕೆ ಹೊರಟಾಗಲೂ ಹಾಗೇ ಆಯಿತು. ಒಬ್ಬರು ಉಪ್ಪಿನಕಾಯಿ ಸೋರದ ಹಾಗೆ ಕಟ್ಟಿಕೊಟ್ಟರು. ಇನ್ನೊಬ್ಬರು ವಿಮಾನದಲ್ಲಿ ಕಿವಿಗೆ ಹತ್ತಿ ಇಟ್ಟುಕೋ ಎಂದರು. ಶ್ಯಾಮಲಮ್ಮ ನಾಲ್ಕು ಸೇರು ರಾಗಿಹಿಟ್ಟು ಜರಡಿ ಹಿಡಿದರು.

"ಇಷ್ಟು ಹೊತ್ಕೊಂಡು ವಿಮಾನ ಮೇಲೇಳ್ತದೇನಮ್ಮ?" ಎಂದ ಮುರಳಿ.

"ಏಳ್ದಿದ್ರೆ ಇಳ್ಕೊಂಡು ಬಾ. ಮುದ್ದೆ ಇಲ್ದೆ ನೀನು ಮೂರು ದಿನ ಇರಲ್ಲ."

ಎಲ್ಲರೂ ನಕ್ಕರು. ಮುರಳಿಯ ಹೆಂಡತಿ ಭಾನುಪ್ರಿಯಾ ಮಾತ್ರ ನಗಲಿಲ್ಲ. ಏಜೆಂಟ್ ತಂದುಕೊಟ್ಟ ಪಾಸ್‌ಪೋರ್ಟ್ ಅರಿಶಿನದ ಬಟ್ಟೆಯಲ್ಲಿ, ಕುಂಕುಮ ಇಡಿಸಿಕೊಂಡು, ದೇವರ ಮುಂದೆ ಇತ್ತು. ಹೊರಡುವ ಗುರುವಾರದವರೆಗೂ ಬಿಚ್ಚಬಾರದು ಎಂದು ಅತ್ತೆ ಹೇಳಿದ್ದರು.

ಮೂರು ವರ್ಷದ ಹಿಂದೆ ಪಕ್ಕದ ಮನೆಯ ಅಕ್ಕಯಮ್ಮನವರ ಮಗ ಅಂಬರೀಶನ ಪಾಸ್‌ಪೋರ್ಟಿಗೂ ಹೀಗೆಯೇ ಪೂಜೆ ಆಗಿತ್ತು. ಕುಂಕುಮ ಇಟ್ಟವಳು ಭಾನುಪ್ರಿಯಾ.

"ಅತ್ತಿಗೆ, ನೀವು ಎಸ್ಸೆಸ್ಸೆಲ್ಸಿ ಪಾಸು. ಒಳಗೇನು ಬರ್ದವ್ರೆ, ಒಂದ್ಸಲ ಓದಿ" ಎಂದು ಅಂಬರೀಶ ಅವಳನ್ನು ಕೇಳಿದ್ದ.

"ಏಜೆಂಟ್ರು ನೋಡಿರಲ್ವೇನಪ್ಪ" ಎಂದು ಅವಳು ಒಲೆಯ ಕಡೆ ಹೋಗಿದ್ದಳು. ಇಂಗ್ಲಿಷ್ ಓದಲು ತಡವರಿಸಿದರೆ ಜನ ನಕ್ಕಾರು ಎಂಬ ಅಂಜಿಕೆ ಅವಳಿಗೆ.

ಅಂಬರೀಶ ಪೆಟ್ಟಿಗೆಯಲ್ಲಿ ವಾಪಸು ಬಂದ.

ಈಗ, ಮುರಳಿಗೆ ರಾಗಿಹಿಟ್ಟು ಜರಡಿ ಹಿಡಿದ ಸಂಜೆ, ಅದೇ ಅಕ್ಕಯಮ್ಮ ಬಂದು ಹೊಸ್ತಿಲ ಆಚೆಯೇ ನಿಂತರು.

"ಒಳಗೆ ಬಾಕ್ಕ" ಎಂದರು ಶ್ಯಾಮಲಮ್ಮ.

"ಬೇಡ ಕಣಮ್ಮ, ಶುಭದ ಕೆಲಸ. ಒಂದು ಮಾತು ಕೇಳಿ ಹೋಗ್ತೀನಿ. ಆ ಪಾಸ್‌ಪೋರ್ಟ್ ಯಾರಾದ್ರೂ ಓದಿದ್ರಾ?"

"ಏಜೆಂಟ್ ಗೊತ್ತಿರೋನೇ ದೊಡ್ಡಮ್ಮ. ಅಲ್ಲಿ ಇಳಿದ್ಮೇಲೆ ಕೆಲಸದ ವೀಸಾ ಮಾಡಿಸ್ತಾನಂತೆ" ಎಂದ ಮುರಳಿ.

"ನನ್ನ ಮಗಂಗೂ ಇದೇ ಹೇಳಿದ್ರು. ಅವನದು ಬರೀ ಊರು ನೋಡೋ ವೀಸಾ. ತಿಂಗಳು ಕಳೀತು, ಅಲ್ಲಿ ಅವನು ಕಳ್ಳನ ಲೆಕ್ಕ ಆದ. ಪಾಸ್‌ಪೋರ್ಟ್ ಮಾಲೀಕ ಇಟ್ಕೊಂಡ. ಜ್ವರ ಬಂದ್ರೂ, ಆಸ್ಪತ್ರೆಲಿ ಕಾಗದ ಕೇಳ್ತಾರೆ, ಪೊಲೀಸ್ರು ಹಿಡೀತಾರೆ ಅಂತ ಒಂಬತ್ತು ದಿನ ರೂಮಲ್ಲೇ ಮಲಗಿದ್ದ. ಹೆಣ ತರಿಸೋಕೆ ಕಚೇರಿ ಕಚೇರಿ ಅಲೆದಾಗ ನಂಗೆ ಇದೆಲ್ಲ ಗೊತ್ತಾಗಿದ್ದು."

"ಒಳ್ಳೆ ಹೊತ್ನಾಗೆ ಆ ಮಾತ್ಯಾಕಕ್ಕ" ಎಂದರು ಶ್ಯಾಮಲಮ್ಮ.

ಅಕ್ಕಯಮ್ಮ ಮುರಳಿಯನ್ನೇ ನೋಡಿದರು. "ನೀನು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ರೇಷ್ಮೆಗೂಡು ತಗೊಂಡು ಹೋಗ್ತೀಯಲ್ಲಪ್ಪ. ಕೊಳ್ಳೋನು ಏನು ಮಾಡ್ತಾನೆ?"

"ಕಿವಿ ಹತ್ರ ಅಲ್ಲಾಡಿಸ್ತಾನೆ. ಒಂದೆರಡು ಕುಯ್ದು ಹುಳ ನೋಡ್ತಾನೆ."

"ದೇವ್ರ ಮುಂದೆ ಇಟ್ಟು ತಂದಿದೀನಿ, ಕುಯ್ಬೇಡ ಅಂದ್ರೆ?"

ಮುರಳಿ ದೇವರ ಮುಂದಿದ್ದ ಪಾಸ್‌ಪೋರ್ಟಿನ ಕಡೆ ತಿರುಗಿ ನೋಡಿದ.

ಭಾನುಪ್ರಿಯಾ ಎದ್ದು ಕೈ ತೊಳೆದುಕೊಂಡು ಬಂದಳು. ಅತ್ತೆಯ ಮುಖ ನೋಡದೆ, ಪಾಸ್‌ಪೋರ್ಟಿಗೆ ಸುತ್ತಿದ್ದ ಅರಿಶಿನದ ಬಟ್ಟೆ ಬಿಚ್ಚಿ ವೀಸಾ ಇದ್ದ ಪುಟ ತೆರೆದಳು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ತಡವರಿಸುತ್ತ ಓದಿದಳು. ಯಾರೂ ನಗಲಿಲ್ಲ.

"ಭೇಟಿಗೆ ಮಾತ್ರ. ಮೂವತ್ತು ದಿನ. ಕೆಲಸ ಮಾಡೋ ಹಂಗಿಲ್ಲ."

ಮುರಳಿ ಏಜೆಂಟಿಗೆ ಫೋನ್ ಮಾಡಿ, ಕೆಲಸ ಕೊಡುವ ಕಂಪನಿಯ ಪತ್ರ ಎಲ್ಲಿ, ನಿನ್ನ ಲೈಸೆನ್ಸ್ ನಂಬರ್ ಎಷ್ಟು ಎಂದು ಕೇಳಿದ. "ನಂಬಿಕೆ ಇಲ್ದಿದ್ರೆ ಬಿಡಿ" ಎಂದು ಅವನು ಫೋನ್ ಇಟ್ಟ. ಶ್ಯಾಮಲಮ್ಮ ರಾಗಿಹಿಟ್ಟನ್ನು ಡಬ್ಬಕ್ಕೆ ವಾಪಸು ಸುರಿದರು.

"ಓದೋಕೆ ಎಷ್ಟು ಹೊತ್ತು ಹಿಡೀತು ಭಾನು?" ಎಂದರು ಅಕ್ಕಯಮ್ಮ.

"ಎರಡು ನಿಮಿಷ." ಅವಳು ಪಾಸ್‌ಪೋರ್ಟ್ ಮುಚ್ಚಿದಳು. "ಅಂಬರೀಶನೂ ಅವತ್ತು ನನ್ನನ್ನ ಕೇಳಿದ್ದ ದೊಡ್ಡಮ್ಮ. ನಾನು ಓದಲಿಲ್ಲ."

ಅಕ್ಕಯಮ್ಮ ಹೊಸ್ತಿಲ ಆಚೆಯೇ ಕುಸಿದು ಕುಳಿತರು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಕೊನೆಗೆ, "ಇನ್ಮೇಲೆ ಯಾರು ತಂದ್ರೂ ಓದು" ಎಂದು ಎದ್ದು ಹೋದರು.

ಅಕ್ಕಂದಿರೇ, ಅಣ್ಣಂದಿರೇ, ದೂರದ ದೇಶಕ್ಕೆ ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ಕೆಲಸಕ್ಕೆ ಹೋಗುವವರು ಕೆಲಸದ ವೀಸಾ ಕೈಗೆ ಬಂದ ಮೇಲೇ ಮನೆ ಬಿಡಿ. ಏಜೆಂಟಿಗೆ ಸರ್ಕಾರದ ನೋಂದಣಿ ಇದೆಯೇ ವಿಚಾರಿಸಿ. ಪಾಸ್‌ಪೋರ್ಟ್, ವೀಸಾ ಎರಡರ ಜೆರಾಕ್ಸ್ ಮನೆಯಲ್ಲಿರಲಿ. ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಫೋನ್ ನಂಬರ್ ಜೇಬಿನಲ್ಲಿರಲಿ. ನಿಮಗೆ ನಾಲ್ಕಕ್ಷರ ಬಂದರೂ ಸಾಕು, ಪಕ್ಕದ ಮನೆಯವರಿಗೆ ಓದಿ ಹೇಳಿ. ತಡವರಿಸಿದರೆ ತಡವರಿಸಲಿ.

ಕುಂಕುಮ ಆಮೇಲೆ ಇಡಿ. ಮೊದಲು ಓದಿ.