ಹಲ್ಲಿಯ ಹಾಡಿನ ಪಾಠ

"ಇನ್ನೊಂದ್ಸಲ ಹಾಡಿ ಮಾಯೆಸ್ತ್ರ. ಈ ಸಲ ಮಕ್ಕಳ ಕಡೆ ಬೇಡ, ಕ್ಯಾಮೆರಾ ಕಡೆ ನೋಡಿ," ಎಂದಳು ಬಾಗಿಲಲ್ಲಿ ನಿಂತಿದ್ದ ಯೆಸೇನಿಯಾ.

ನೆಲಹಾಸಿನ ಮೇಲೆ ಕೂತಿದ್ದ ಹದಿನೆಂಟು ಮಕ್ಕಳಿಂದ ಮುಖ ತಿರುಗಿಸಿ ಒಫೇಲಿಯಾ ಕರಾಸ್ಕೊ ಮತ್ತೆ ಗಿಟಾರ್ ಮೀಟಿದಳು. ಗೋಡೆ ಹತ್ತುವ ಹಲ್ಲಿಯ ಹಾಡು. ಅವಳು ಸ್ಪ್ಯಾನಿಷಿನಲ್ಲಿ ಒಂದು ಸಾಲು ಹಾಡಿ ನಿಲ್ಲಿಸಬೇಕು, ಮಕ್ಕಳು ಅದನ್ನೇ ಇಂಗ್ಲಿಷಿನಲ್ಲಿ ಮರಳಿ ಹಾಡಬೇಕು. ಅಜ್ಜಿಯ ಹತ್ತಿರ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಮಾತು ಎಂದು ಬೆಳೆದ ಐದಾರು ವರ್ಷದ ಮಕ್ಕಳು ಅವು. ಎರಡೂ ಒಂದೇ ಬಾಯಲ್ಲಿ ಜಗಳವಾಡದೆ ಇರಬಲ್ಲವು ಎಂಬುದನ್ನು ಒಫೇಲಿಯಾ ಇಪ್ಪತ್ತೊಂಬತ್ತು ವರ್ಷಗಳಿಂದ ಅಮೆರಿಕದ ಮೆಕ್ಸಿಕೊ ಗಡಿಯ ಊರಾದ ಎಲ್ ಪಾಸೊದ ಈ ಒಂದೇ ಕೋಣೆಯಲ್ಲಿ ಕಲಿಸುತ್ತ ಬಂದಿದ್ದಳು.

ಯೆಸೇನಿಯಾ ಕೂಡ ಇದೇ ನೆಲಹಾಸಿನ ಮೇಲೆ ಕೂತು ಕಲಿತವಳು. ಆರು ವರ್ಷದವಳಿದ್ದಾಗ ಶಾಲೆಯಲ್ಲಿ ತಿಂಗಳುಗಟ್ಟಲೆ ತುಟಿ ಬಿಚ್ಚಿರಲಿಲ್ಲ. ಇಂಗ್ಲಿಷ್ ತಪ್ಪಾದೀತೆಂಬ ಹೆದರಿಕೆ, ಸ್ಪ್ಯಾನಿಷ್ ಆಡಿದರೆ ನಗುತ್ತಾರೆಂಬ ನಾಚಿಕೆ. ಒಫೇಲಿಯಾ ಅವಳನ್ನು ಒಂದು ದಿನವೂ ಒತ್ತಾಯಿಸಲಿಲ್ಲ. ಅವಳ ಸಾಲು ಬಂದಾಗಲೆಲ್ಲ ಹಾಡು ನಿಲ್ಲಿಸಿ ಕಾಯುತ್ತಿದ್ದಳು. ಮಾರ್ಚ್ ತಿಂಗಳಲ್ಲೊಂದು ದಿನ ಆ ಮೌನದೊಳಗಿಂದ ಸಣ್ಣದೊಂದು ದನಿ ಎದ್ದಿತ್ತು. ಈಗ ಅವಳೇ ಈ ಶಾಲೆಯ ಮುಖ್ಯೋಪಾಧ್ಯಾಯಿನಿ. ಎಲ್ಲರೆದುರೂ ಒಫೇಲಿಯಾಳನ್ನು ಮಾಯೆಸ್ತ್ರ ಎಂದೇ ಕರೆಯುತ್ತಿದ್ದಳು, ಟೀಚರ್ ಎನ್ನುವುದಕ್ಕೆ ಅವರ ಮನೆಮಾತು ಸ್ಪ್ಯಾನಿಷಿನ ಪದ ಅದು.

ಮೇಲಿನವರು ಸಂಗೀತದ ಪಾಠಕ್ಕೆ ಕತ್ತರಿ ಹಾಕುವ ಯೋಚನೆಯಲ್ಲಿದ್ದಾರೆ ಎಂದು ಫೆಬ್ರವರಿಯಲ್ಲಿ ಹೇಳಿದವಳೂ ಅವಳೇ. "ಅವರು ಒಂದು ದಿನಾನೂ ನಿಮ್ಮ ಕ್ಲಾಸಲ್ಲಿ ಕೂತಿಲ್ಲ ಮಾಯೆಸ್ತ್ರ. ನಾನು ಚಿತ್ರ ತೆಗೆಸಿ ತೋರಿಸ್ತೀನಿ. ನೋಡಿದ್ಮೇಲೆ ಯಾರಿಗೂ ಕೈ ಹಾಕೋ ಧೈರ್ಯ ಬರಲ್ಲ," ಎಂದಿದ್ದಳು. ಚಿತ್ರೀಕರಣ ಮೂರು ವಾರ ನಡೆಯಿತು. ಒಫೇಲಿಯಾ ಒಂದನ್ನೂ ಬಚ್ಚಿಡಲಿಲ್ಲ. ಯಾವ ಹಾಡಿನ ನಂತರ ಯಾವುದು, ಎಲ್ಲಿ ಚಪ್ಪಾಳೆ, ಮಾತೇ ಆಡದ ಮಗುವಿನ ಕೈಗೆ ಮೊದಲು ಯಾವ ಗಿಲಕಿ ಕೊಡಬೇಕು, ಎಲ್ಲವನ್ನೂ ಬಿಡಿಸಿ ಹೇಳಿದಳು. ಕೊನೆಗೆ ಯೆಸೇನಿಯಾ ತಂದ ಕಾಗದಕ್ಕೆ ಓದದೆ ಸಹಿ ಹಾಕಿದಳು. ಮಗಳಂಥವಳು ತಂದದ್ದನ್ನು ಕನ್ನಡಕ ಹುಡುಕಿ ಓದುವುದುಂಟೇ?

ಮೇ ತಿಂಗಳಲ್ಲಿ ಪತ್ರ ಬಂತು. ಬರುವ ವರ್ಷ ಸಂಗೀತ ಶಿಕ್ಷಕಿಯ ಹುದ್ದೆ ಇರುವುದಿಲ್ಲ. ಪಿಂಚಣಿಗೆ ಎರಡು ವರ್ಷ ಬಾಕಿಯಿರುವುದರಿಂದ, ಒಪ್ಪುವುದಾದರೆ ಶಾಲೆಯ ಊಟದ ಕೋಣೆಯಲ್ಲಿ ಕೆಲಸ ಕೊಡಲಾಗುವುದು. ಯೆಸೇನಿಯಾ ಅವಳನ್ನು ತಬ್ಬಿಕೊಂಡು, ತನ್ನ ಕೈಯಲ್ಲಾದದ್ದನ್ನೆಲ್ಲ ಮಾಡಿದೆ ಎಂದು ಕಣ್ಣೀರಿಟ್ಟಳು. ಸಮಾಧಾನ ಹೇಳಿದವಳು ಒಫೇಲಿಯಾಳೇ.

ಆಗಸ್ಟಿನಲ್ಲಿ ಶಾಲೆ ತೆರೆದ ಎರಡನೆಯ ವಾರ, ತಲೆಗೆ ಬಲೆ, ಸೊಂಟಕ್ಕೆ ಏಪ್ರನ್ ಕಟ್ಟಿಕೊಂಡು ಕಾರಿಡಾರಿನಲ್ಲಿ ತಟ್ಟೆಗಳ ಗಾಡಿ ತಳ್ಳುತ್ತಿದ್ದಾಗ, ಅವಳಿಗೆ ತನ್ನದೇ ದನಿ ಕೇಳಿಸಿತು. ಹಳೆಯ ಕೋಣೆಯ ಬಾಗಿಲು ಅರೆ ತೆರೆದಿತ್ತು. ಮಕ್ಕಳು ಕತ್ತೆತ್ತಿ ಪರದೆ ನೋಡುತ್ತಿದ್ದರು, ತರಗತಿಯ ಟೀಚರ್ ಮೂಲೆಯಲ್ಲಿ ಹಾಜರಿ ಬರೆಯುತ್ತಿದ್ದಳು. ಪರದೆಯ ಮೇಲಿನ ಒಫೇಲಿಯಾ ಸಾಲು ಹಾಡಿ ನಿಲ್ಲಿಸಿದಳು. ಯಾರೂ ಹಾಡಲಿಲ್ಲ. "ಭೇಷ್, ರಮಿರೊ! ಎಷ್ಟು ಚೆನ್ನಾಗಿ ಹಾಡಿದೆ!" ಎಂದು ಪರದೆ ಹೊಗಳಿತು. ರಮಿರೊ ಯಾರೆಂದು ಮಕ್ಕಳು ಅತ್ತಿತ್ತ ನೋಡಿದರು.

ಗಾಡಿಯನ್ನು ಅಲ್ಲೇ ಬಿಟ್ಟು ಅವಳು ಯೆಸೇನಿಯಾಳ ಕೋಣೆಗೆ ಹೋದಳು. ಕೂರಲಿಲ್ಲ.

ಯೆಸೇನಿಯಾ ಇಂಗ್ಲಿಷಿನಲ್ಲಿ ಮಾತಾಡತೊಡಗಿದಳು. ಇಷ್ಟು ವರ್ಷಗಳಲ್ಲಿ ಅವರಿಬ್ಬರೇ ಇದ್ದಾಗ ಆ ಭಾಷೆ ನಡುವೆ ಬಂದದ್ದೇ ಇರಲಿಲ್ಲ. ಮೊದಲು ವರ್ಷಕ್ಕೆ ನೂರು ಮಕ್ಕಳಿಗೆ ಸಿಗುತ್ತಿದ್ದ ಪಾಠ ಈಗ ಹನ್ನೊಂದು ಶಾಲೆಗಳಿಗೆ ಸಿಗುತ್ತಿದೆ, ಇದು ಒಫೇಲಿಯಾಳಿಗೇ ಗೌರವ, ಕಾಗದದಲ್ಲಿ ಎಲ್ಲ ಸ್ಪಷ್ಟವಾಗಿತ್ತು ಎಂದಳು.

ಒಫೇಲಿಯಾ ಸ್ಪ್ಯಾನಿಷಿನಲ್ಲೇ ಕೇಳಿದಳು. "ಫೆಬ್ರವರೀಲೇ ಗೊತ್ತಿತ್ತಾ ಮಗಾ?"

ಯೆಸೇನಿಯಾ ಮೇಜಿನ ಮೇಲಿನ ಪೆನ್ನನ್ನು ನೆಟ್ಟಗಿಟ್ಟಳು.

"ಹೂಂ ಅನ್ನು, ಊಹೂಂ ಅನ್ನು. ಯಾವ ಭಾಷೇಲಾದ್ರೂ ಪರವಾಗಿಲ್ಲ."

ಒಫೇಲಿಯಾ ಕಾದಳು. ಹೊರಗೆ ಯಾವುದೋ ತರಗತಿ ಸಾಲಾಗಿ ಹಾದುಹೋಯಿತು, ಅದರ ಗದ್ದಲವೂ ಅಡಗಿತು. ಯೆಸೇನಿಯಾಳ ಕಿವಿಗಳು ಕೆಂಪಾಗಿದ್ದವು. ಕೊನೆಗೆ, "ನಾನು ಇಲ್ಲ ಅಂದಿದ್ರೆ ಇನ್ಯಾರೋ ಮಾಡ್ತಿದ್ರು," ಎಂದಳು, ಇಂಗ್ಲಿಷಿನಲ್ಲೇ.

ಒಫೇಲಿಯಾ ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡು ಹೊರಬಂದಳು. ಕೆಲಸ ಬಿಡಬೇಕೆಂದು ಆ ರಾತ್ರಿ ಪತ್ರ ಬರೆದಳು, ಬೆಳಿಗ್ಗೆ ಹರಿದಳು. ಅರವತ್ತಮೂರನೇ ವಯಸ್ಸಿಗೆ ಎರಡು ವರ್ಷದ ಪಿಂಚಣಿಯನ್ನು ಸಿಟ್ಟಿಗೆ ಕೊಡಲು ಅವಳ ಕೈಲಾಗಲಿಲ್ಲ. ಆಮೇಲೆ ಯೆಸೇನಿಯಾ ಎದುರಾದಾಗಲೆಲ್ಲ ಒಫೇಲಿಯಾಳೂ ಇಂಗ್ಲಿಷಿನಲ್ಲೇ ಗುಡ್ ಮಾರ್ನಿಂಗ್ ಹೇಳುತ್ತಿದ್ದಳು. ಬೇರೆ ಮಾತೇನೂ ಇರಲಿಲ್ಲ.

ಅಕ್ಟೋಬರಿನ ಒಂದು ಮಧ್ಯಾಹ್ನ, ಚಿಕ್ಕ ಮಕ್ಕಳ ಮೇಜಿನಲ್ಲಿ ಅವಳು ಹಾಲಿನ ಪೊಟ್ಟಣಗಳ ಬಾಯಿ ಬಿಡಿಸಿ ಕೊಡುತ್ತಿದ್ದಳು. ಮೂಲೆಯಲ್ಲಿ ಕೂತಿದ್ದ ಹುಡುಗಿಯೊಬ್ಬಳು ಬೀನ್ಸ್ ತಿನ್ನುತ್ತ ಹಲ್ಲಿಯ ಹಾಡು ಗುನುಗತೊಡಗಿದಳು. ಪಕ್ಕದ ನಾಲ್ಕೈದು ಮಕ್ಕಳು ದನಿಗೂಡಿಸಿದವು. ಒಫೇಲಿಯಾಳಿಗೆ ತಡೆಯಲಾಗಲಿಲ್ಲ, ಅವಳೂ ಸಣ್ಣಗೆ ಸೇರಿಕೊಂಡಳು. ಎರಡನೆಯ ಸಾಲು ಮುಗಿದ ಕೂಡಲೇ ಮಕ್ಕಳೆಲ್ಲ ಒಟ್ಟಿಗೆ ದನಿ ನಿಲ್ಲಿಸಿ, ಬಾಯಿಗೆ ಮುಷ್ಟಿ ಹಿಡಿದು, ಎರಡು ಸಲ ಕೆಮ್ಮಿ, ಮೂರನೆಯ ಸಾಲು ಎತ್ತಿಕೊಂಡವು. ಫೆಬ್ರವರಿಯಲ್ಲಿ ಚಿತ್ರ ತೆಗೆಯುವಾಗ ಅವಳಿಗೆ ಶೀತವಾಗಿತ್ತು.

ಹುಡುಗಿ ಹಾಡು ನಿಲ್ಲಿಸಿ ಅವಳ ಏಪ್ರನ್ ಜಗ್ಗಿದಳು.

"ನೀವು ತಪ್ಪು ಹಾಡ್ತಿದ್ದೀರ. ಅಲ್ಲಿ ಕೆಮ್ಮಬೇಕು."

"ಹೌದಾ ಮಗಾ?" ಎಂದಳು ಒಫೇಲಿಯಾ.

"ಹೂಂ. ಹಿಂಗೆ." ಹುಡುಗಿ ತೋರಿಸಿಕೊಟ್ಟು, ಒಫೇಲಿಯಾಳೂ ಮಾಡಲೆಂದು ನೋಡುತ್ತ ಕಾದು ಕೂತಳು.

ಒಫೇಲಿಯಾ ಕೈಯಲ್ಲಿದ್ದ ಹಾಲಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಮುಷ್ಟಿಯನ್ನು ಬಾಯಿಯ ಹತ್ತಿರ ತಂದಳು.