‘ಸಾಕು’ ಎಂದ ಮಗುವನ್ನು ಇಳಿಸಿ

ಹೋದ ವರ್ಷ ದಹಿಹಂಡಿಯ ದಿನ, ಎತ್ತರದಲ್ಲಿ ಕಟ್ಟಿದ ಮೊಸರಿನ ಹಂಡಿ ಒಡೆಯಲು, ಠಾಣೆ ಶಹರದ ನೌಪಾಡಾದ ಒಂದು ಗಲ್ಲಿಯಲ್ಲಿ ಎಂಟು ವರ್ಷದ ಪ್ರಥಮನನ್ನು ಮನುಷ್ಯರ ಗೋಪುರದ ತುದಿಗೆ ಹತ್ತಿಸಿದರು. ಅವನ ಸೊಂಟಕ್ಕೆ ಹಗ್ಗ ಇರಲಿಲ್ಲ. ತಲೆಗೆ ಹೆಲ್ಮೆಟ್ ಇರಲಿಲ್ಲ. ಅರ್ಧ ಹತ್ತಿದ ಮೇಲೆ ಅವನು ‘ಸಾಕು’ ಎಂದ. ಹತ್ತಿಸಿದರು. ಗೋಪುರ ಕುಸಿಯಿತು, ಅವನ ಎಡಗೈ ಮುರಿಯಿತು. ಮರುದಿನ ಹಂಡಿ ನಡೆಸುವ ಮಂಡಲದವರು ಆಸ್ಪತ್ರೆಗೆ ಶಾಲು, ತೆಂಗಿನಕಾಯಿ ತಂದು, ಫೋಟೊ ತೆಗೆದುಕೊಂಡು ಹೋದರು.

ತಾಯಿ ರಮಿತಾ ಆ ಹೊತ್ತಿಗೆ ಘಣಸೋಲಿಯ ಆಫೀಸಿನಲ್ಲಿದ್ದಳು. ತಂದೆ ಲೋಕನಾಥ ಮಾತ್ರ ಅಲ್ಲೇ ಇದ್ದ, ಗುಂಪಿನ ಮುಂದಿನ ಸಾಲಿನಲ್ಲಿ. ಅವನು ಅದೇ ಗಲ್ಲಿಯ ಹೋಟೆಲಿನ ಮ್ಯಾನೇಜರ್. ಮಗುವನ್ನು ಕೇಳಿಕೊಂಡು ಬಂದವನು ನಮ್ಮವನೇ, ಉಡುಪಿ ಕಡೆಯ ಕಮಲಾಕ್ಷ. ಕೇಟರಿಂಗ್ ಮಾಡುತ್ತ ಮಾಡುತ್ತ ಮಂಡಲದ ಸೆಕ್ರೆಟರಿ ಆದವನು. ಇಷ್ಟು ವರ್ಷ ವಂತಿಗೆ ಕೊಟ್ಟರೂ ಇಲ್ಲಿ ನಮ್ಮನ್ನು ಹೊರಗಿನವರೆಂದೇ ಕಾಣುತ್ತಾರೆ, ನಮ್ಮದೊಂದು ಮಗು ಹಂಡಿ ಒಡೆದರೆ ಆಮೇಲೆ ಒಬ್ಬನೂ ತುಟಿ ಬಿಚ್ಚಲಾರ ಎಂದು ಅವನು ಗಲ್ಲಾದ ಮುಂದೆ ನಿಂತು ಬಿಡಿಸಿ ಹೇಳಿದ್ದ. ಲೋಕನಾಥನಿಗೆ ಅದು ಸರಿ ಎನಿಸಿತ್ತು, ಹತ್ತು ಎಂದು ಮಗನಿಗೆ ಅವನೇ ಹೇಳಿದ್ದ. ಊರು ಬಿಟ್ಟು ಬಂದವರಿಗೆ ‘ನೀನೂ ನಮ್ಮವನು’ ಎನ್ನಿಸಿಕೊಳ್ಳುವ ಹಸಿವೊಂದು ಇರುತ್ತದೆ. ಆ ಹಸಿವಿನ ಎಲೆಗೆ ಮಗುವನ್ನು ಬಡಿಸಬಾರದು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹಂಡಿಗೆ ಹತ್ತಿಸುವಂತಿಲ್ಲ ಎಂಬುದು ಕೋರ್ಟಿನಲ್ಲಿ ಇತ್ಯರ್ಥವಾದ ಮಾತು. ಗಲ್ಲಿಯಲ್ಲಿ ಅದು ಎಲ್ಲರಿಗೂ ಗೊತ್ತಿತ್ತು. ಡಿ.ಜೆ. ಸದ್ದಿನಲ್ಲಿ ಎಲ್ಲರೂ ಮರೆತಿದ್ದರು.

ಕೈ ಕೂಡಿಕೊಂಡಿತು. ಹುಡುಗ ಕೂಡಿಕೊಳ್ಳಲಿಲ್ಲ. ಠಾಣೆ ಸ್ಟೇಶನ್ನಿನ ಸೇತುವೆ ಹತ್ತುವಾಗ ಕಂಬಿ ಬಿಡಲೊಲ್ಲ. ಗಾರ್ಡನ್ನಿನಲ್ಲಿ ಜಾರುಬಂಡೆಯ ಬುಡದಲ್ಲಿ ಕೂತು ತಂಗಿ ಅನುಷ್ಕಾ ಜಾರುವುದನ್ನು ನೋಡುತ್ತಾನೆ. ದೀಪಾವಳಿಗೆ ಊರಿಗೆ ಹೋಗುವಾಗ, ರೈಲಿನ ಮೇಲಿನ ಬರ್ತ್‌ಗೆ ಪ್ರತಿಸಲ ಜಗಳ ಕಾಯುವವನು ‘ಮಲಾ ನಕೋ’, ನನಗೆ ಬೇಡ, ಎಂದು ಮರಾಠಿಯಲ್ಲಿ ಗೊಣಗಿ ಕೆಳಗೇ ಮುದುಡಿ ಮಲಗಿದ. ರಮಿತಾ ಅವನ ಬೆನ್ನು ನೋಡುತ್ತ ಮಂಗಳೂರಿನವರೆಗೂ ಎಚ್ಚರವಿದ್ದಳು. ಮಗು ಎತ್ತರಕ್ಕೆ ಹೆದರಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಅವಳಿಗೆ ಬೇರೇನೋ ಅನುಮಾನ.

ಅವಳ ತಂಗಿ ಜ್ಯೋತ್ಸ್ನಾ ನೆರೂಳದಲ್ಲಿರುವವಳು. ವಾರವೆಲ್ಲ ಬ್ಯಾಂಕು, ಭಾನುವಾರ ಬಂಡೆ. ಹತ್ತುವವರ ಕ್ಲಬ್ ಒಂದರಲ್ಲಿ ಹಗ್ಗ ಹಿಡಿಯಲು ಕಲಿತು ಈಗ ಬೇರೆಯವರಿಗೂ ಕಲಿಸುತ್ತಾಳೆ. ಡಿಸೆಂಬರ್ ರಜೆಯಲ್ಲಿ ಎರಡು ದಿನ ಎಲ್ಲರೂ ಸೇರಿ ಕಲ್ಯಾಣದಾಚೆ ಮುರಬಾಡ್ ಕಡೆಯ ಬಂಡೆಗಳಿಗೆ ಹೋಗುವ, ಮಕ್ಕಳನ್ನೂ ಹತ್ತಿಸುವ ಎಂದು ಅವಳು ಅಕ್ಕನ ಮನೆಯಲ್ಲಿ ಊಟದ ಹೊತ್ತಿಗೇ ಮಾತು ತೆಗೆದಳು.

ಅತ್ತೆ ನಳಿನಾಕ್ಷಿಯ ಕೈಯ ಸೌಟು ಗಾಳಿಯಲ್ಲೇ ನಿಂತಿತು.

“ಬಿದ್ದ ಮಗುವನ್ನು ಪುನಃ ಬಂಡೆ ಹತ್ತಿಸುವುದಾ? ನಿನ್ನ ತಲೆ ಸಮ ಉಂಟಾ ಮಾರಾಯ್ತಿ?”

“ಅತ್ತೆ, ಇವನು ಹತ್ತಿದ್ದಕ್ಕೆ ಬಿದ್ದದ್ದಲ್ಲ. ಹಗ್ಗ ಇಲ್ಲದೆ ಹತ್ತಿಸಿದ್ದಕ್ಕೆ ಬಿದ್ದದ್ದು.”

ಅತ್ತೆ ಬಿಡಲಿಲ್ಲ. ಹಾವು, ಬಿಸಿಲು, ಜ್ವರ, ಹೆಣ್ಣುಮಗುವಿನ ಮೊಣಕಾಲಿನ ಗಾಯ, ಎಲ್ಲ ತೆಗೆದರು. ಜ್ಯೋತ್ಸ್ನಾ ಒಂದೊಂದಕ್ಕೂ ಉತ್ತರ ಕೊಟ್ಟಳು. ಮಳೆಗಾಲದಲ್ಲಿ, ಒದ್ದೆ ಬಂಡೆಗೆ ಯಾರೂ ಕೈ ಹಚ್ಚುವುದಿಲ್ಲ, ಅದಕ್ಕೇ ಡಿಸೆಂಬರ್. ಬೆಳಿಗ್ಗೆ ಹತ್ತುವುದು, ಕಲ್ಲು ಕಾಯುವ ಮೊದಲು ನೆರಳಿಗೆ ಬರುವುದು. ಹೆಜ್ಜೇನು ಕಟ್ಟಿದ ಬಂಡೆಯ ಹತ್ತಿರ ಸುಳಿಯುವುದೇ ಇಲ್ಲ. ಹತ್ತಿರದ ಆಸ್ಪತ್ರೆ ಎಲ್ಲಿ ಎಂದು ಹೊರಡುವ ಮೊದಲೇ ತಿಳಿದುಕೊಳ್ಳಬೇಕು. ಸಣ್ಣವರಿಗೆ ಗಿಡ್ಡ ಬಂಡೆ, ಕೆಳಗೆ ದಪ್ಪ ಗಾದಿ, ಗಾದಿಯ ಪಕ್ಕ ಕೈ ಚಾಚಿ ನಿಂತ ದೊಡ್ಡವರು. ಎತ್ತರಕ್ಕೆ ಹೋಗುವುದಾದರೆ ತಲೆಗೆ ಹೆಲ್ಮೆಟ್, ಮೇಲಿಂದ ಬಿಟ್ಟ ಹಗ್ಗ. ಮಕ್ಕಳಿಗೆ ಸೊಂಟ ಎಲ್ಲಿದೆ, ದೊಡ್ಡವರ ಬೆಲ್ಟು ಜಾರಿಹೋಗುತ್ತದೆ. ಹೆಗಲಿಗೂ ತೊಡೆಗೂ ಬಿಗಿಯುವ ಪೂರ್ತಿ ಮೈಯ ಬೆಲ್ಟೇ ಬೇಕು.

“ಮತ್ತೆ, ಬಳೆ, ಉಂಗುರ, ಸರ ಎಲ್ಲ ಮನೆಯಲ್ಲೇ,” ಎಂದಳು.

“ಬರಿಗೈ ಮಾಡಿಕೊಂಡು ಹೋದರೆ ದೃಷ್ಟಿ ತಾಗುತ್ತದೆ.”

“ದೃಷ್ಟಿ ತಾಗಿದರೆ ನೀವು ಉಪ್ಪುಮೆಣಸು ನಿವಾಳಿಸಿ ತೆಗೀತೀರಿ, ಅತ್ತೆ. ಉಂಗುರ ಕಲ್ಲಿಗೆ ಸಿಕ್ಕಿ ಬೆರಳು ಹೋದರೆ ಎಂತ ನಿವಾಳಿಸುವುದು?”

ಅಷ್ಟರಲ್ಲಿ ಪ್ರಥಮ ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿದು ‘ಸಾಕು’ ಎಂದ. ಮನೆಯಲ್ಲೂ ಮರಾಠಿಯಲ್ಲೇ ಮಾತಾಡುವ ಹುಡುಗನಿಗೆ ಅಜ್ಜಿಯ ಊಟದಿಂದ ಬಂದ ಕನ್ನಡ ಅದು. ಅಜ್ಜಿ ಅಭ್ಯಾಸಬಲದಿಂದ ಅವನ ಕೈ ಸರಿಸಿ ಇನ್ನೊಂದು ಸೌಟು ಸಾರು ಹಾಕಿದರು.

ರಮಿತಾ ಆ ಬಟ್ಟಲನ್ನೇ ನೋಡಿದಳು. ನಮ್ಮ ಮನೆಗಳಲ್ಲಿ ಸಾಕು ಎಂದರೆ ಇನ್ನೊಂದು ಸೌಟು ಎಂದೇ ಅರ್ಥ. ಪ್ರೀತಿಯಿಂದಲೇ ಬಡಿಸುತ್ತೇವೆ. ಆದರೆ ತನ್ನ ಮಾತಿಗೆ ಬೆಲೆಯಿಲ್ಲ ಎಂಬುದನ್ನು ಮಗು ಅದೇ ಬಟ್ಟಲಿನಲ್ಲಿ ಉಣ್ಣುತ್ತದೆ.

“ನಾವು ಹೋಗುತ್ತೇವೆ,” ಎಂದಳು. ಲೋಕನಾಥ ಬೇಡ ಎನ್ನಲಿಲ್ಲ.

ಹೋದರು, ಅತ್ತೆಯೂ ಚಕ್ಕುಲಿ ಡಬ್ಬಿ ಕಟ್ಟಿಕೊಂಡು ಹೊರಟರು. ಮೊದಲ ಬೆಳಿಗ್ಗೆ ಪ್ರಥಮ ದೂರ ಕೂತ. ಜ್ಯೋತ್ಸ್ನಾ ಅವನನ್ನು ಕರೆಯಲಿಲ್ಲ, ಧೈರ್ಯದ ಭಾಷಣ ಬಿಗಿಯಲಿಲ್ಲ. ಅನುಷ್ಕಾ ಹತ್ತುವ ಬಂಡೆ ಲೋಕನಾಥನ ಭುಜದಷ್ಟೂ ಇರಲಿಲ್ಲ. ಕೆಳಗೆ ಗಾದಿ, ಇತ್ತ ಚಿಕ್ಕಮ್ಮ, ಅತ್ತ ಅಪ್ಪ. ಅರ್ಧಕ್ಕೆ ಬಂದು ಅವಳು ‘ಸಾಕು’ ಎಂದಳು.

“ಇನ್ನು ಸ್ವಲ್ಪವೇ ಉಂಟು ಪುಟ್ಟಿ, ಹತ್ತು,” ಎಂದ ಲೋಕನಾಥ.

“ಭಾವ, ಅವಳು ಸಾಕು ಅಂದಳು,” ಎನ್ನುತ್ತ ಜ್ಯೋತ್ಸ್ನಾ ಮಗುವನ್ನು ಕಂಕುಳಿಗೆ ಕೈಕೊಟ್ಟು ಇಳಿಸಿಬಿಟ್ಟಳು.

ಯಾರೂ ನಗಲಿಲ್ಲ, ಯಾರೂ ಛೇಡಿಸಲಿಲ್ಲ. ಪ್ರಥಮ ಕೂತಲ್ಲಿಂದ ಎದ್ದುಬಂದ. ಶೂಸಿನ ದಾರ ಬಿಗಿದುಕೊಂಡ. ಮೊಣಕಾಲಿನೆತ್ತರಕ್ಕೆ ಹತ್ತಿ ‘ಸಾಕು’ ಎಂದ. ಇಳಿಸಿದರು. ಸೊಂಟದೆತ್ತರಕ್ಕೆ ಹತ್ತಿ ಸಾಕು ಎಂದ. ಇಳಿಸಿದರು. ಮತ್ತೆ ಹತ್ತಿದ, ಮತ್ತೆ ಸಾಕು. ಹುಡುಗ ಹೆದರುತ್ತಿದ್ದಾನೆ ಎಂದು ಅತ್ತೆ ಪಿಸುಗುಟ್ಟಿದರು. ರಮಿತಾಳಿಗೆ ಹೊಳೆಯಿತು. ಅವನು ಬಂಡೆಯನ್ನು ಪರೀಕ್ಷಿಸುತ್ತಿರಲಿಲ್ಲ. ಕೆಳಗೆ ನಿಂತವರನ್ನು ಪರೀಕ್ಷಿಸುತ್ತಿದ್ದ.

ಲೋಕನಾಥನಿಗೂ ಹೊಳೆದಿರಬೇಕು. ಕೊನೆಯ ಸಲ ಅವನೇ ಮುಂದೆ ಹೋಗಿ, ಸಾಕು ಎಂಬ ಮಾತು ಬಾಯಿಂದ ಬಿದ್ದೊಡನೆ ಮಗನನ್ನು ಎತ್ತಿ ಇಳಿಸಿದ. ಇಳಿಸಿದ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಮರುದಿನ ಹೆಲ್ಮೆಟ್ಟು, ಪೂರ್ತಿ ಮೈಯ ಬೆಲ್ಟು, ಮೇಲಿಂದ ಹಗ್ಗ. ಗಂಟು, ಬಕಲ್ ಎಲ್ಲವನ್ನೂ ಒಬ್ಬರು ಕಟ್ಟಿ ಇನ್ನೊಬ್ಬರು ಎಳೆದು ನೋಡಿದರು. ಮೇಲಿಂದ ಕಲ್ಲು ಉರುಳಿದರೂ ತಾಗದಷ್ಟು ದೂರದಲ್ಲಿ ಅತ್ತೆ ಅನುಷ್ಕಾಳನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದರು. ಪ್ರಥಮ ನಡುವೆ ಎರಡು ಸಲ ನಿಂತ. ಹಗ್ಗ ಹಿಡಿದ ಚಿಕ್ಕಮ್ಮ ‘ಇಳಿಯುತ್ತೀಯಾ?’ ಎಂದು ಕೇಳಿದಾಗ ‘ಥಾಂಬ್’ ಎಂದ. ಸ್ವಲ್ಪ ತಾಳು ಎಂದು. ಆಮೇಲೆ ಬಂಡೆಯ ನೆತ್ತಿ ಮುಟ್ಟಿದ.

ಆ ರಾತ್ರಿ ಬಡಿಸುವಾಗ ಅವನು ಸಾಕು ಎಂದ. ಅತ್ತೆಯ ಸೌಟು ತಡೆಯಿತು, ಪಾತ್ರೆಗೆ ವಾಪಸಾಯಿತು. “ನನಗೆ ಬಂಡೆ ಹತ್ತುವುದಕ್ಕಿಂತ ಕಷ್ಟ ಇದು,” ಎಂದರು. ಮೇ ತಿಂಗಳಲ್ಲಿ ಊರಿಗೆ ಹೋಗುವಾಗ ಮೇಲಿನ ಬರ್ತ್‌ಗೆ ಅಣ್ಣತಂಗಿ ಜಗಳವಾಡಿದರು. ರಮಿತಾ ಬಿಡಿಸಲು ಹೋಗಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಮಕ್ಕಳು ಹತ್ತುವ ಪ್ರಾಣಿಗಳು. ಕಿಟಕಿಯ ಸರಳು, ಪಾರ್ಕಿಂಗಿನ ಗೋಡೆ, ನೀರಿನ ಟಾಕಿ, ಯಾವುದನ್ನೂ ಬಿಡುವವರಲ್ಲ. ಹೆದರಿಸಿ ಕೂರಿಸಬೇಡಿ, ರಜೆ ಸಿಕ್ಕಾಗ ತಿಳಿದವರ ಜೊತೆ ಬಂಡೆಗೆ ಕರೆದೊಯ್ಯಿರಿ. ಒಣ ಕಲ್ಲು, ಗಾದಿ, ಹೆಲ್ಮೆಟ್, ಅವರ ಮೈಗೆ ಸರಿಯಾದ ಬೆಲ್ಟು, ಹಗ್ಗ ಹಿಡಿಯಬಲ್ಲ ಕೈ, ಇವಿಲ್ಲದೆ ಹತ್ತಿಸಬೇಡಿ. ಇವೆಲ್ಲ ಇದ್ದೂ ಮಗು ಸಾಕು ಎಂದರೆ ಆ ಕ್ಷಣವೇ ಇಳಿಸಿ. ಮಗು ಮೇಲಿರುವಾಗ ದೊಡ್ಡವರ ಮಾನ, ಬಿದ್ದಾಗ ಮಗುವಿನ ಹಣೆಬರಹ ಎನ್ನುವ ಲೆಕ್ಕ ಇನ್ನು ನಡೆಯಬಾರದು. ನಿಮ್ಮ ಗಲ್ಲಿಯಲ್ಲೂ ಯಾರಾದರೂ ಮಗುವನ್ನು ಕೇಳಿಕೊಂಡು ಬರುತ್ತಾರೆ. ಬಂದಾಗ ಏನು ಹೇಳಬೇಕೋ ತೋಚದಿದ್ದರೆ ಇದನ್ನು ನೆನೆಯಿರಿ.

ಜುಲೈ ತಿಂಗಳ ಒಂದು ಸಂಜೆ. ಹೊರಗೆ ಮಳೆ, ಹಂಡಿಯ ತಾಲೀಮು ಶುರುವಾಗಿತ್ತು. ರಮಿತಾ ಮಕ್ಕಳನ್ನು ಕರೆದುಕೊಂಡು ಹೋಟೆಲಿಗೆ ಬಂದಿದ್ದಳು. ಕಮಲಾಕ್ಷ ಗಲ್ಲಾದ ಮುಂದೆ ಕೊಡೆ ಕೊಡವಿ, ಹುಡುಗ ಈಗ ಬಂಡೆ ಹತ್ತುವ ಶೂರನಂತೆ, ಹೆದರಿಕೆ ಹೋಗಿದೆಯಂತೆ, ಈ ಸಲವೂ ಮೇಲಕ್ಕೆ ಅವನೇ ಎಂದ.

ಪ್ರಥಮ ಅವನನ್ನೇ ನೋಡಿದ. ಅಪರೂಪಕ್ಕೆ ಕನ್ನಡದಲ್ಲಿ ಕೇಳಿದ: “ಸಾಕು ಅಂದ್ರೆ ಇಳಿಸ್ತೀರಾ ಅಂಕಲ್?”

“ಹಂಡಿ ಒಡೆಯದೆ ಇಳಿಯುವುದುಂಟಾ ಮಾರಾಯ?” ಕಮಲಾಕ್ಷ ನಕ್ಕ.

ಹುಡುಗ ಅಮ್ಮನ ಕೈ ಹಿಡಿದುಕೊಂಡ. ಕಮಲಾಕ್ಷ ಗಲ್ಲಾದ ಕಡೆ ಬಾಗಿ ದನಿ ತಗ್ಗಿಸಿದ. “ಲೋಕು, ನೀನೊಂದು ಮಾತು ಹೇಳು ಅವನಿಗೆ. ಅಪ್ಪ ಹೇಳಿದರೆ ಹತ್ತುತ್ತಾನೆ. ಹೋದ ವರ್ಷ ಹತ್ತಲಿಲ್ಲವಾ?”

ಟೇಬಲ್ಲುಗಳಲ್ಲಿ ಮಂಡಲದ ಹುಡುಗರು ಚಹಾ ಕುಡಿಯುತ್ತ ಇತ್ತಲೇ ನೋಡುತ್ತಿದ್ದರು. ಲೋಕನಾಥ ಗಲ್ಲಾದಿಂದ ಎದ್ದು ಬಂದು ಮಗನ ಪಕ್ಕ ನಿಂತ.

“ಹೌದು, ನಾನು ಹೇಳಿದರೆ ಹತ್ತುತ್ತಾನೆ,” ಎಂದ. “ಅದಕ್ಕೇ ಹೇಳುವುದಿಲ್ಲ.”